ಅರ್ಧ ಮನೆ, ಅರ್ಧ ಸ್ಮಶಾನ

"ಹಣೆಬರಹವನ್ನಾದರೂ ತಿದ್ದಬಹುದು, ನಾನೆಳೆದ ಗೆರೆಯನ್ನು ತಿದ್ದೋಕಾಗಲ್ಲ!"

ಇದು ಗೆರೆಯಪ್ಪನವರ ನಿತ್ಯದ ಘೋಷಣೆ. ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ಗೆರೆ ಎಳೆದು ನಿವೃತ್ತರಾದ ಅವರ ನಿಜನಾಮ ಏನಿತ್ತೋ, ಈಗ ಹೆಂಡತಿಗೂ ನೆನಪಿಲ್ಲ. ಅವರ ಗೆರೆಯೆಂದರೆ ಸಾಮಾನ್ಯವೇ? ಅದರ ಮೇಲೆ ಹೊರಟ ಇರುವೆ ಎಡಬಲ ನೋಡದೆ ನೆಟ್ಟಗೆ ಊರಾಚೆ ತಲುಪುತ್ತಿತ್ತಂತೆ. (ಇರುವೆಯನ್ನು ವಿಚಾರಿಸಿದವರಿಲ್ಲ.)

ಹೆಂಡತಿಯ ಪಾಲಿಗೆ ಮಾತ್ರ ಈ ಮಹಾನುಭಾವರು ನೆಟ್ಟನೆಯ ಗೆರೆಯಲ್ಲ, ದುಂಡನೆಯ ಕಲೆ. ಚಹಾದ ಗ್ಲಾಸನ್ನು ಇಟ್ಟಲ್ಲೆಲ್ಲ ಒಂದು ಕಂದು ಉಂಗುರ. ಮೇಜಿನ ಮೇಲೆ, ಪತ್ರಿಕೆಯ ಮೇಲೆ, ಕೊನೆಗೆ ಮಗಳ ಅಂಕಪಟ್ಟಿಯ ಮೇಲೂ. (ಗಣಿತದಲ್ಲಿ ಎಂಟು ಬಂದಿದ್ದ ಹುಡುಗಿಗೆ ಅಪ್ಪನ ಉಂಗುರ ಸೇರಿ ಎಂಬತ್ತಾಯಿತು.)

"ಗ್ಲಾಸಿನ ಕೆಳಗೊಂದು ತಟ್ಟೆ ಇಡ್ರೀ ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ!"

"ನನ್ನ ಗಮನವೆಲ್ಲ ದೊಡ್ಡ ವಿಷಯದ ಮೇಲೆ ಕಣೇ."

ದೊಡ್ಡ ವಿಷಯ ಹಿತ್ತಲ ಗೋಡೆಯ ಆಚೆಗಿತ್ತು. ಅಲ್ಲಿ ಹೂಳುವ ಸ್ಮಶಾನ. ಗೆರೆಯಪ್ಪನವರು ಮಧ್ಯಾಹ್ನ ಕಣ್ಣು ಮುಚ್ಚುವುದಕ್ಕೂ, ಗುಂಡಿ ತೋಡುವ ಗುದ್ದಲಿಯಣ್ಣ 'ಧಡ್' ಎನ್ನಿಸುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ಅವರು ಹಾಸಿಗೆಯಿಂದ ಗುಡುಗಿದರು.

"ಇದು ವಸತಿ ಪ್ರದೇಶ! ಇಲ್ಲಿ ಸ್ಮಶಾನ ಇರಕೂಡದು. ಎಲ್ಲಾ ಎಬ್ಬಿಸ್ತೀನಿ!"

"ಯಾರನ್ನ್ರೀ? ಅಲ್ಲಿ ಮಲಗಿರೋರನ್ನಾ?"

ನಕ್ಷೆ ಕಚೇರಿಗೆ ಅರ್ಜಿ ಹೋಯಿತು. 'ಅನುಮೋದಿತ ನಕ್ಷೆಯೇ ಅಂತಿಮ. ಅದರ ಗೆರೆಯನ್ನು ಕೂದಲೆಳೆಯಷ್ಟೂ ಮೀರತಕ್ಕದ್ದಲ್ಲ. ಆ ಗೆರೆಗಳನ್ನೆಲ್ಲ ಎಳೆದವನು ನಾನೇ' ಎಂದು ಬರೆದು, ತೂಕ ಬರಲೆಂದು ಮೂರು ಕಡೆ ಸಹಿ ಹಾಕಿದ್ದರು.

ವಿಚಾರಣೆಯ ದಿನ ಅಧಿಕಾರಿಣಿ ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಹಳದಿ ಬಣ್ಣ ವಸತಿಗೆ, ಹಸಿರು ಸ್ಮಶಾನಕ್ಕೆ. ಎದುರುಪಕ್ಷದ ಗುದ್ದಲಿಯಣ್ಣ ಕೈಕಟ್ಟಿ ನಿಂತು, "ನಮ್ಮಲ್ಲಿಗೆ ಬಂದೋರು ಇದುವರೆಗೂ ಯಾರೂ ದೂರು ಹೇಳಿಲ್ಲ ಮೇಡಂ" ಎಂದು ವಾದ ಮುಗಿಸಿದ.

"ಸ್ಮಶಾನ ಅದರ ಜಾಗದಲ್ಲೇ ಇದೆ," ಎಂದರು ಅಧಿಕಾರಿಣಿ. "ನಿಮ್ಮ ಮನೆಯದೇ ತೊಂದರೆ."

ಗೆರೆಯಪ್ಪನವರು ಬಗ್ಗಿದರು. ಸ್ಮಶಾನದ ನೆಟ್ಟನೆಯ ಅಂಚಿನಿಂದ ಒಂದು ಹಸಿರು ಹೊಟ್ಟೆ ಗುಂಡಗೆ ಉಬ್ಬಿಕೊಂಡು, ಅವರ ಮನೆಯನ್ನೇ ಸೀಳಿತ್ತು. ಅಡುಗೆಮನೆ, ಪಡಸಾಲೆ ಹಳದಿಯಲ್ಲಿ. ಉಳಿದದ್ದು ಹಸಿರಿನಲ್ಲಿ.

"ನಿಮ್ಮ ಮಲಗೋ ಕೋಣೆ ಸ್ಮಶಾನದಲ್ಲಿದೆ."

"ಆದರೆ ಅಲ್ಲಿ ನಾನು ಮಲಗ್ತೀನಲ್ಲ ಮೇಡಂ?"

"ಮಲಗಬಹುದು. ಏಳೋದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ."

ಗೆರೆಯಪ್ಪನವರ ತಲೆ ಗಿರ್ರೆಂದಿತು. ಹಾಗಾದರೆ ಇಪ್ಪತ್ತು ವರ್ಷದಿಂದ ತಾವು ದಿನಾ ಬೆಳಿಗ್ಗೆ ಎದ್ದದ್ದು ಅಕ್ರಮವೇ? ಹೊಸಿಲು ದಾಟಿದರೆ ಜೀವಂತ, ಹಿಂದೆ ಬಂದರೆ ದಿವಂಗತ?

"ಈ ಗೆರೆ ನನ್ನದಲ್ಲ!"

"ಎಲ್ಲಾ ಎಳೆದವನು ನಾನೇ ಅಂತ ಮೂರು ಸಹಿ ಇದೆಯಲ್ಲ?"

ಅಷ್ಟರಲ್ಲಿ ಜೊತೆಗೆ ಬಂದಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡು ನಕ್ಷೆಗೆ ಬಗ್ಗಿದಳು. ಆ ಗುಂಡನೆಯ ಗೆರೆ ಮಾತ್ರ ಕಪ್ಪಲ್ಲ, ಕಂದು.

"ಇವರದೇ ಮೇಡಂ. ಮೂವತ್ತು ವರ್ಷದಿಂದ ಒರೆಸ್ತಿದೀನಿ, ನನಗೆ ಗುರುತು ಸಿಗಲ್ವಾ? ಇವರ ಟೀ ಗ್ಲಾಸು!"

ಅಂದು ನಕ್ಷೆಯ ಮೇಲೆ ಕೂತೆದ್ದ ಗ್ಲಾಸಿನ ಗುರುತನ್ನು, ಬಣ್ಣ ತುಂಬುವವನು ಗೆರೆಯಪ್ಪನವರ ಗೆರೆಯೆಂದೇ ಭಕ್ತಿಯಿಂದ ನಂಬಿ ಒಳಗೆಲ್ಲ ಹಸಿರು ತುಂಬಿದ್ದ. ಮೇಲಿನವರೆಲ್ಲ ಮೊಹರು ಒತ್ತಿದ್ದರು.

"ಹಾಗಂತ ಬರೆದುಕೊಡಿ, ನಕ್ಷೆ ತಿದ್ದೋಣ," ಎಂದರು ಅಧಿಕಾರಿಣಿ. "ಪುರಾವೆ ಸಮೇತ, ವಾರದೊಳಗೆ. ಇಲ್ಲದಿದ್ದರೆ ಕೋಣೆ ಕೆಡವಬೇಕಾಗುತ್ತೆ."

ಗುದ್ದಲಿಯಣ್ಣ ಹೊರಗೆ ಬಂದವನೇ, "ಯೋಚ್ನೆ ಮಾಡ್ಬೇಡಿ ಸಾರ್. ಅಲ್ಲೀತನಕ ನಿಮ್ಮ ಕೋಣೇನ ನಾನು ನೋಡ್ಕೋತೀನಿ" ಎಂದು ಧೈರ್ಯ ಹೇಳಿದ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು," ಎನ್ನುತ್ತ ಮನೆಗೆ ಬಂದ ಹೆಂಡತಿ ಹಾಸಿಗೆಗಳನ್ನು ಪಡಸಾಲೆಗೆ ಎಳೆದಳು. "ನಾನಂತೂ ಬದುಕಿರೋರ ಕಡೆ."

ಆರು ದಿನ ಗೆರೆಯಪ್ಪನವರು ಕಾಗದದ ಮುಂದೆ ಕೂತರು. 'ನನ್ನ ಗೆರೆ' ಎನ್ನುವಲ್ಲಿಗೆ ಬಂದೊಡನೆ ಪೆನ್ನು ಬಿಕ್ಕಳಿಸುತ್ತಿತ್ತು. ಏಳನೆಯ ದಿನ, ಪಡಸಾಲೆಯ ನೆಲಕ್ಕೆ ಸೊಂಟ ಹಿಡಿದ ಮೇಲೆ, ಬರೆದರು: 'ಸದರಿ ಗೆರೆಯು ಗೆರೆಯಲ್ಲ. ನಾನು ಕುಡಿದ ಚಹಾ.'

ಹೆಂಡತಿ ಕನಿಕರಪಟ್ಟು ಚಹಾ ತಂದಳು, ಈ ಸಲ ಕೆಳಗೊಂದು ತಟ್ಟೆಯ ಸಮೇತ. ಗೆರೆಯಪ್ಪನವರು ಗ್ಲಾಸನ್ನು ಕೈಗೆತ್ತಿಕೊಂಡರು. ತುಸು ತುಳುಕಿಸಿದರು. ಅರ್ಜಿಯ ನಟ್ಟನಡುವೆ ಗಟ್ಟಿಯಾಗಿ ಊರಿದರು.

"ಅಯ್ಯೋ ನಿಮ್ಮ! ಈಗ ತಾನೇ ಬರೆದದ್ದು!" ಹೆಂಡತಿ ಒರೆಸುವ ಬಟ್ಟೆ ಹಿಡಿದು ಹಾರಿ ಬಂದಳು.

ಗೆರೆಯಪ್ಪನವರು ಕೈ ಅಡ್ಡ ಹಿಡಿದರು. "ಮುಟ್ಟಬೇಡ! ಮೂವತ್ತು ವರ್ಷ ಪುರಾವೆ ನಾಶ ಮಾಡಿದ್ದು ಸಾಲದೇನೇ?"