ಯಜಮಾನರು ಸಿರುಗುಪ್ಪಕ್ಕೆ ಹೋಗಿದ್ದಾರೆ

ಮನೆ ಮಾರಬೇಕಾದರೆ ಮೊದಲು ಮನೆಯ ಯಜಮಾನನನ್ನು ಬದುಕಿಸಬೇಕು ಎಂದು ವಿರೂಪಮ್ಮನಿಗೆ ಗೊತ್ತಿರಲಿಲ್ಲ. ಸುಣ್ಣ ಹೊಡೆಸಿದರೆ ಸಾಕು ಅಂದುಕೊಂಡಿದ್ದಳು. ಹೊಡೆಸಿದಳು. ನಲ್ಲಿ ರಿಪೇರಿ, ಬಾಗಿಲಿಗೆ ಹಸಿರು ಬಣ್ಣ, ಗೆದ್ದಲು ತಿಂದ ಕಡೆ ಕ್ಯಾಲೆಂಡರ್, ಎಲ್ಲ ಆಯಿತು. ಆದರೂ ಹೋದ ಭಾನುವಾರ ಮೋಕದಿಂದ ಮನೆ ನೋಡಲು ಬಂದವರು, "ಆರು ತಿಂಗಳ ಹಿಂದ ಯಜಮಾನ ಹೋದ ಮನಿ ಅಂತಲ್ಲ" ಎಂದು ಕೊಟ್ಟ ಚಹಾವನ್ನೂ ಮುಟ್ಟದೆ ಎದ್ದು ಹೋದರು. (ಚಹಾ ಏನು ತಪ್ಪು ಮಾಡಿತ್ತು?)

ಮಾರಲೇಬೇಕಿತ್ತು. ಈ ಮನೆಯಲ್ಲಿ ಊಟದ ಹೊತ್ತಿಗೆ ಅವಳ ಕೈ ತಾನಾಗಿ ಎರಡು ತಾಟು ಇಡುತ್ತಿತ್ತು. ಕುರುಗೋಡಿನಲ್ಲಿ ತಂಗಿ ದುರ್ಗಾದೇವಿಯ ಪಕ್ಕದಲ್ಲೇ ಎರಡು ಕೋಣೆಯ ಮನೆ ಖಾಲಿ ಇತ್ತು. ಅದರ ಒಡೆಯ ಸೋಮವಾರದ ತನಕ ಕಾಯುತ್ತೇನೆ ಎಂದಿದ್ದ. ಇವತ್ತು ಭಾನುವಾರ.

ದುರ್ಗಾದೇವಿ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದಿಳಿದವಳೇ ಸೆರಗು ಸಿಕ್ಕಿಸಿದಳು. ಬಾಗಿಲ ಬಳಿ ಭಾವನ ಚಪ್ಪಲಿ ಬಿಟ್ಟಳು. ಗೂಟಕ್ಕೆ ಅಂಗಿ ಹಾಕಿದಳು. ಪೇಪರಿನ ಮೇಲೆ ಕನ್ನಡಕ ಇಟ್ಟಳು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದ ಯಜಮಾನ ಗಾದಿಲಿಂಗಪ್ಪನನ್ನು ಫೋಟೋ ಸಮೇತ ಇಳಿಸಿ, ಟ್ರಂಕಿನಲ್ಲಿ ಕೌದಿಯ ಅಡಿಗೆ ತುರುಕಿದಳು.

"ಲೇ ದುರ್ಗಿ, ಮಕ ಮ್ಯಾಲ ಮಾಡಿ ಇಡು. ಉಸಿರುಗಟ್ಟೀತು."

"ಅಕ್ಕಾ!"

"ಆತು ಬಿಡವ್ವ. ಮುಚ್ಚು."

ಕೊನೆಗೆ ತನ್ನ ಕೈಯ ನಾಲ್ಕು ಬಳೆ ತೆಗೆದು ಅಕ್ಕನಿಗೆ ತೊಡಿಸಿ, ಹಣೆಗೆ ಕುಂಕುಮ ಇಟ್ಟಳು. ವಿರೂಪಮ್ಮ ಕನ್ನಡಿ ನೋಡಲಿಲ್ಲ.

"ಒಂದ್ ತಾಸು ಅಷ್ಟ ಅಕ್ಕ. ಮಾತು ಮುಗೀಲಿ, ಆಮ್ಯಾಲ ಮೆಲ್ಲಕ ಹೇಳೋಣು. ಕೇಳಿದ್ರ ಭಾವ ಸಿರುಗುಪ್ಪಕ್ಕ ಹೋಗ್ಯಾರ."

"ಅಲ್ಲೇನೈತಿ ಅವರಿಗೆ?"

"ಮಿಲ್ಲಿನಾಗ ಅಕ್ಕಿ ತರಾಕ ಹೋಗ್ಯಾರ. ನೀ ಬಾಯಿ ಬಿಚ್ಚಬ್ಯಾಡ."

ಹನ್ನೊಂದಕ್ಕೆ ಮನೆ ನೋಡಲು ಆಟೋದಲ್ಲಿ ವಾಸುದೇವರಾಯರೂ ಅವರ ಹೆಂಡತಿ ಪದ್ಮಾಬಾಯಿಯೂ ಬಂದಿಳಿದರು. ರಾಯರು ಅಂಗೈಯಲ್ಲಿ ದಿಕ್ಸೂಚಿ ಹಿಡಿದು, ಸಮುದ್ರಯಾನಕ್ಕೆ ಹೊರಟವರಂತೆ ಪಡಸಾಲೆಯಿಂದ ಬಚ್ಚಲಿನವರೆಗೆ ಸಂಚರಿಸಿದರು. ಒಲೆ ಆಗ್ನೇಯಕ್ಕೆ ಇತ್ತು. ನೀರು ಈಶಾನ್ಯಕ್ಕೆ ಇತ್ತು. ಎಲ್ಲ ಇರಬೇಕಾದಲ್ಲೇ ಇತ್ತು, ಒಬ್ಬನ ಹೊರತು.

"ಯಜಮಾನ್ರು ಎಲ್ಲಿ?"

"ಸಿರುಗುಪ್ಪಕ್ಕ ಹೋಗ್ಯಾರ್ರಿ" ಎಂದಳು ದುರ್ಗಾದೇವಿ.

"ಎಷ್ಟೊತ್ತಿಗೆ ಬರ್ತಾರ?"

"ಬರಂಗಿಲ್ರಿ" ಎಂದಳು ವಿರೂಪಮ್ಮ.

"ಇವತ್ತು!" ಎಂದು ತಂಗಿ ಬಾಲ ಅಂಟಿಸಿದಳು. "ಇವತ್ತು ಬರಂಗಿಲ್ಲ ಅಂತಾಳ."

"ಹಂಗಾರ ಫೋನ್ ಹಚ್ಚಿ ಕೊಡ್ರಿ, ಎರಡು ಮಾತಾಡ್ತೀನಿ."

"ಫೋನ್ ಮನ್ಯಾಗ ಬಿಟ್ಟು ಹೋಗ್ಯಾರ್ರಿ." (ಇದು ಮಾತ್ರ ಸತ್ಯ.)

ಪದ್ಮಾಬಾಯಿ ಹಣೆ ಚಚ್ಚಿಕೊಂಡರು. "ಎಲ್ಲಾ ಗಂಡಸರೂ ಒಂದಽ ನೋಡ್ರಿ! ನಮ್ಮವರು ಕೊತ್ತಂಬರಿ ತರ್ತೀನಿ ಅಂತ ಹೋದ್ರ ಊರೆಲ್ಲಾ ಸುತ್ತಿ ಬರಿಗೈಲೆ ಬರ್ತಾರ."

ವಿರೂಪಮ್ಮನ ಒಳಗೆ ಏನೋ ಕಟ್ಟೆಯೊಡೆಯಿತು. ಆರು ತಿಂಗಳಿಂದ ಬಂದವರೆಲ್ಲ "ದೇವರಂಥ ಮನುಷ್ಯ" ಎಂದೇ ಹೇಳಿ ಹೋಗಿದ್ದರು. ಆ ದೇವರನ್ನು ಬೈಯಲು ಒಬ್ಬರೂ ಜೊತೆ ಸಿಕ್ಕಿರಲಿಲ್ಲ.

"ನಮ್ಮವರದು ಕೇಳಬ್ಯಾಡ್ರಿ! ಹೇಳೋದಿಲ್ಲ, ಕೇಳೋದಿಲ್ಲ. ಶೇಂಗಾ ಸುಲ್ಕೋಂತ ಇಲ್ಲೇ ಕುಂತಿದ್ರು. ಚಾ ಮಾಡ್ಕೊಂಡು ಬರೋದ್ರಾಗ ಹೋಗೇಬಿಟ್ಟಿದ್ರು."

ದುರ್ಗಾದೇವಿ ಅಕ್ಕನ ಕಾಲು ತುಳಿದಳು. ಅಕ್ಕ ಕಾಲು ಎಳೆದುಕೊಂಡು ಮುಂದುವರಿಸಿದಳು.

"ಹೋಗ್ತೀನಿ ಅಂತ ಒಂದ್ ಮಾತು ಹೇಳಿದ್ರ ಗಂಟು ಹೋಗ್ತಿತ್ತೇನ್ರಿ? ಅಡಿಗಿ ಮಾಡಿಟ್ಟು ಕಾಯಾಕಿ ನಾನು!"

"ಬೈರಿ, ಬೈರಿ, ಬಿಡಬ್ಯಾಡ್ರಿ" ಎಂದರು ಪದ್ಮಾಬಾಯಿ.

ಇಬ್ಬರೂ ಕೂಡಿ ಗಂಡಸರ ಕುಲವನ್ನು ಸಾಂಗವಾಗಿ ತೊಳೆದರು. ಎರಡನೇ ಸಲ ಚಹಾ ಆಯಿತು. ವಿರೂಪಮ್ಮ ಗಟ್ಟಿಯಾಗಿ ನಕ್ಕಳು. ಅಕ್ಕನಿಗೆ ಇಷ್ಟು ಚೆನ್ನಾಗಿ ನಾಟಕ ಬರುತ್ತದೆಂದು ದುರ್ಗಾದೇವಿಗೆ ತಿಳಿದಿರಲಿಲ್ಲ.

ರಾಯರು ಎಲ್ಲವನ್ನೂ ಕೇಳಿಸಿಕೊಂಡು ದಿಕ್ಸೂಚಿಯನ್ನು ಜೇಬಿಗೆ ಇಳಿಸಿದರು.

"ಮನಿ ಛಲೋ ಅದ ತಾಯಿ. ಆದರ ನಿಮ್ಮ ಯಜಮಾನ್ರು ಭರವಸಿ ಮನುಷ್ಯಾ ಅಲ್ಲ. ಹೇಳದ ಹೋಗೋವ್ರು ನಾಳೆ ರಿಜಿಸ್ಟ್ರೇಷನ್ ದಿವಸ ಕೈಕೊಡ್ತಾರ. ನಮಗ ಆಗಿಬರೂದಿಲ್ಲ."

ಗಂಡ ಹೆಂಡತಿ ಹೊರಗೆ ಹೋಗಿ ಆಟೋ ಹತ್ತಿದರು. ದುರ್ಗಾದೇವಿ ಪಿಸುಗುಟ್ಟಿದಳು: "ಸುಮ್ನಿರು ಅಕ್ಕ. ಪದ್ಮಾಬಾಯಿ ಮನಿ ಇಷ್ಟಪಟ್ಟಾಳ. ಸಂಜಿಕಿ ಫೋನ್ ಮಾಡಿ ಒಪ್ಪಿಸ್ತೀನಿ. ನೀ ಒಂದ್ ಮಾತೂ ಆಡಬ್ಯಾಡ."

ಯಾರಿಗೆ ಹೇಳುವುದು? ವಿರೂಪಮ್ಮ ಬರಿಗಾಲಲ್ಲಿ ಬೀದಿಗೆ ಇಳಿದಾಗಿತ್ತು. ತಾನು ಬೈದರೆ ಅದು ಬೇರೆ. ಊರವರು ಬೈಯಲು ಅವರೇನು ಮೂವತ್ತೆರಡು ವರ್ಷ ಅವನಿಗೆ ರೊಟ್ಟಿ ಬಡಿದಿದ್ದರೇ?

"ಏನಂದ್ರಿ? ಕೈಕೊಡೋರಾ? ನಮ್ಮವರಾ? ಒಂದಿನ ಮಾತು ತಪ್ಪಿದವರಲ್ರಿ ಅವ್ರು!"

ಆಟೋ ಹೊರಟಿತು. ವಿರೂಪಮ್ಮ ಹಿಂದೆಯೇ ಓಡಿದಳು. ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಸತ್ತಾರ್ರೀ! ಅದಕ್ಕ ಬಂದಿಲ್ಲ! ಇದ್ದಿದ್ರ ಬರ್ತಿದ್ರು!"

ಆಟೋ ಒಂದು ಗಳಿಗೆ ನಿಂತಂತಾಯಿತು. ಆಮೇಲೆ ವೇಗ ಹೆಚ್ಚಿತು.