ಭಾವನ ಮೀನು, ನನ್ನ ಫೋಟೋ

ಹಾರುವ ಹದ್ದಿನ ಫೋಟೋ ತೆಗೆಯುವುದು ಯಾವ ಮಹಾ ವಿದ್ಯೆ ಸ್ವಾಮಿ! ಚಳಿ ಶುರುವಾದರೆ ಸಾಕು, ನಮ್ಮ ಚಿಲ್ಕಟ್ ನದಿಯ ದಂಡೆಗೆ ಎಲ್ಲೆಲ್ಲಿಂದಲೋ ಜನ ಬಂದು ಒನಕೆ ಗಾತ್ರದ ಲೆನ್ಸ್ ಹಿಡಿದು ಹಿಮದಲ್ಲಿ ಬೋರಲು ಮಲಗುತ್ತಾರೆ. ನಾನೋ, ಈ ಬಿಳಿತಲೆ ಹದ್ದುಗಳ ಹಿಕ್ಕೆ ತಲೆಯ ಮೇಲೆ ಬೀಳಿಸಿಕೊಂಡೇ ಬೆಳೆದವನು. ನನಗೆ ಬಾರದೆ?

"ನಾಳೆ ಭಾವನ ವರ್ಷದ ಊಟದಲ್ಲಿ ಅವನ ಪಟದ ಪಕ್ಕ ನಾನೇ ತೆಗೆದ ಹಾರೋ ಹದ್ದು ಇರತ್ತೆ, ನೋಡ್ತಿರು!" ಎಂದು ಹೆಂಡತಿ ವರ್ನಾಳಿಗೆ ಘೋಷಿಸಿದೆ.

"ನನ್ನ ಹುಟ್ಟುಹಬ್ಬದ ಫೋಟೋದಲ್ಲಿ ನನ್ನ ತಲೇನೇ ಬಂದಿರ್ಲಿಲ್ಲ. ನಾನು ಕುರ್ಚಿ ಮೇಲೆ ಕೂತಿದ್ದೆ ರೀ, ಹಾರ್ತಿರ್ಲಿಲ್ಲ!"

ನಮ್ಮ ಬುಡಕಟ್ಟಿನಲ್ಲಿ ಹದ್ದು, ಕಾಗೆ ಎಂದು ಎರಡು ಕುಲ: ವರ್ನಾ ಹದ್ದಿನ ಕಡೆಯವಳು, ನಾನು ಕಾಗೆಯ ಕಡೆಯವನು. ನಮ್ಮ ಜನರಲ್ಲಿ ಹೆಣ್ಣು ಕೊಟ್ಟು ತರುವುದು ಆಚೆ ಕಡೆಯಿಂದಲೇ. ಒಂದು ಕಡೆ ಸಾವಾದರೆ ಅವರು ಅಳಬೇಕು, ಇನ್ನೊಂದು ಕಡೆಯವರು ಸಮಾಧಾನ ಮಾಡಬೇಕು. ವರ್ಷ ತುಂಬಿದಾಗ ಅವರು ಬಡಿಸಬೇಕು, ಇವರು ಉಣ್ಣಬೇಕು. ಈ ಕರ್ತವ್ಯವನ್ನು, ಅದರಲ್ಲೂ ಉಣ್ಣುವ ಭಾಗವನ್ನು, ನಾನು ಚಾಚೂ ತಪ್ಪದೆ ಮಾಡಿಕೊಂಡು ಬಂದವನು! ಆದರೆ ಅವಳ ಅಣ್ಣ ಎಲ್ಮರ್ ಹೋದ ಮೇಲೆ ವರ್ನಾಳನ್ನು ಸಮಾಧಾನ ಮಾಡುವುದು ನನ್ನಿಂದಾಗಲಿಲ್ಲ. ಒಂದು ವರ್ಷದಿಂದ ಅವಳು ಬಾಯಿತುಂಬ ನಕ್ಕಿರಲಿಲ್ಲ. ಅದಕ್ಕೇ ಈ ಫೋಟೋದ ಹಟ.

ಅಂದು ಬೆಳಿಗ್ಗೆ ಅವಳು ಫ್ರೀಜರಿನಿಂದ ಒಂದು ಸಾಲ್ಮನ್ ಮೀನು ತೆಗೆದು ಗಾಳಿಯಾಡಲೆಂದು ಜಗಲಿಯ ತಂತಿಗೆ ನೇತುಹಾಕಿದಳು. ಎಲ್ಮರ್ ತನ್ನ ಕೈಯಾರೆ ಹೊಗೆ ಹಾಕಿ ಒಣಗಿಸಿದ್ದ ಕೊನೆಯ ಮೀನು. ಬಾಲದಲ್ಲಿ ಅವನು ಕಟ್ಟುತ್ತಿದ್ದ ಕೆಂಪು ದಾರ ಇನ್ನೂ ಇತ್ತು.

"ನಾಳೆ ಅಣ್ಣನಿಗೆ ಮುಟ್ಟಲಿ ಅಂತ ಅವನ ಪಾಲು ಬೆಂಕಿಗೆ ಹಾಕಿ, ನಿಮ್ಮ ಕಡೆಯವರಿಗೆಲ್ಲ ಒಂದೊಂದು ಚೂರು ಕೊಡ್ತೀನಿ. ಇನ್ನು ಅವನ ಕೈಯಿಂದು ಅಂತ ಏನೂ ಉಳಿಯಲ್ಲ," ಎಂದಳು. "ನಾನು ನಾಳೆಯ ಅಡುಗೆಗೆ ಸಮುದಾಯ ಭವನಕ್ಕೆ ಹೋಗಿ ಬರ್ತೀನಿ. ಸ್ವಲ್ಪ ಕಣ್ಣಿಟ್ಟಿರಿ."

"ಹದ್ದಿನ ಕಣ್ಣು ಇಟ್ಟಿರ್ತೀನಿ!"

ಇಟ್ಟೆ, ಕ್ಯಾಮರಾದೊಳಗೆ! ಜಗಲಿಗೆ ಬೆನ್ನು ಹಾಕಿ ನದಿಯ ಕಡೆ ನಿಂತೆ. ಒಂದು ಹದ್ದಿನ ಬಾಲ ಸಿಕ್ಕಿತು. ಇನ್ನೊಂದು ಹಾರಿಹೋದ ಜಾಗದ ಆಕಾಶ ಸಿಕ್ಕಿತು. ನನ್ನ ಹೆಬ್ಬೆರಳು ಮಾತ್ರ ಬಹಳ ಸ್ಪಷ್ಟವಾಗಿ ಬಂತು. ಕೈ ಮರಗಟ್ಟಿ, ಸಾಕಪ್ಪ ಎನ್ನುವಾಗ ತಲೆಯ ಮೇಲೇ ಬುಸ್ಸೆಂದು ಗಾಳಿ! ರೆಕ್ಕೆ ಪೂರಾ ಬಿಚ್ಚಿ, ಉಗುರಲ್ಲಿ ಮೀನು ಸಿಕ್ಕಿಸಿಕೊಂಡು ಹಾರುತ್ತಿತ್ತು ಪಕ್ಷಿರಾಜ. ಕ್ಲಿಕ್! ಒಂದೊಂದು ಗರಿಯೂ ಎಣಿಸುವ ಹಾಗೆ ಬಂದಿತ್ತು. ಹಿಮದಲ್ಲೇ ಕುಣಿದೆ.

ವರ್ನಾ ಬಂದವಳು ಬೂಟು ಬಿಚ್ಚುವ ಮೊದಲೇ ಮುಖಕ್ಕೆ ಕ್ಯಾಮರಾ ಹಿಡಿದೆ.

"ಅಬ್ಬಾ! ನೀವೇ ತೆಗೆದದ್ದಾ?" ಅವಳ ಮುಖ ಅರಳಿತು. ನನ್ನ ಎದೆ ಉಬ್ಬಿತು. ಅವಳು ಫೋಟೋ ದೊಡ್ಡದು ಮಾಡಿ ನೋಡಿದಳು. ಮತ್ತೆ ನೋಡಿದಳು.

"ರೀ, ನದೀಲಿರೋ ಮೀನಿನ ಬಾಲಕ್ಕೆ ಕೆಂಪು ದಾರ ಯಾರು ಕಟ್ತಾರೆ?"

ಇಬ್ಬರೂ ಜಗಲಿಯ ಕಡೆ ತಿರುಗಿದೆವು. ತಂತಿ ಬರಿದಾಗಿತ್ತು.

"ಅದು ಹೊತ್ಕೊಂಡು ಹೋಗ್ತಿದ್ರೆ ನೀವು..."

"ಕ್ಲಿಕ್ ಮಾಡ್ತಿದ್ದೆ," ಎಂದೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದು ಹೊರಗೆ ಕೇಳುತ್ತಿತ್ತು.

ಮರುದಿನ ಊಟಕ್ಕೆ ಹೋದರೆ, ಎಲ್ಮರನ ಪಟದ ಪಕ್ಕ ನನ್ನ ಹದ್ದು! ವರ್ನಾಳೇ ಇಟ್ಟಿದ್ದಳು. ಎಲ್ಲರಿಗೂ ಬೇರೆ ಮೀನು ಬಡಿಸುತ್ತ ಬಂದವಳು ನನ್ನ ತಟ್ಟೆಯ ಮುಂದೆ ನಿಂತು, "ನಿಮ್ಮ ಪಾಲು ಅಲ್ಲಿ ಹಾರ್ತಿದೆ ನೋಡಿ," ಎಂದು ಫೋಟೋ ತೋರಿಸಿದಳು.

ನಮ್ಮ ಕಡೆಯವರೆಲ್ಲ ಗೊಳ್ಳೆಂದರು. ನಾನೂ ನಗಲು ಹೋದೆ. ಆ ದಾರದ ಗಂಟು ಕಂಡಿತು. ಹಲ್ಲಿನಿಂದ ಎಳೆದು ಗಂಟು ಬಿಗಿಯುತ್ತಿದ್ದ ಎಲ್ಮರ್ ಕಣ್ಣಮುಂದೆ ಬಂದ. ಅಷ್ಟೇ! ತುಂಬಿದ ಸಭೆಯಲ್ಲಿ, ಖಾಲಿ ತಟ್ಟೆಯ ಮುಂದೆ, ಮೂಗು ಸುರಿಸಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ವರ್ನಾ ಸೌಟು ಕೆಳಗಿಟ್ಟು, ತನ್ನ ಏಪ್ರನ್ನಿನಿಂದ ನನ್ನ ಮುಖ ಒರೆಸಿದಳು. ಅವಳ ಕಣ್ಣಲ್ಲೂ ನೀರು, ತುಟಿಯಲ್ಲಿ ಒಂದು ವರ್ಷದಿಂದ ಕಾಣದ ನಗು.

"ಅಳೋದು ನಮ್ಮ ಕಡೆ ಕೆಲಸ, ಸಮಾಧಾನ ಮಾಡೋದು ನಿಮ್ಮದು. ನಿಮ್ಮನ್ನ ನಂಬಿ ಮೀನೂ ಬಿಡೋ ಹಾಗಿಲ್ಲ, ಸಮಾಧಾನಾನೂ ಬಿಡೋ ಹಾಗಿಲ್ವಲ್ರೀ!"