ಐದು ರೊಟ್ಟಿಯ ರೇಡಿಯೋ

ನಮ್ಮಾಕಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ನೀವು ನಗುವುದಾದರೆ ನಕ್ಕುಬಿಡಿ. ಆದರೆ ಗಡಿಯಾರಕ್ಕೇ ನಮ್ಮಾಕಿಯನ್ನು ನೋಡಿ ನಡೆಯಲು ಬರುವುದಿಲ್ಲ ಎಂಬುದು ನನ್ನ ಮೂವತ್ತು ವರ್ಷದ ಅನುಭವ!

ನಮ್ಮಾಕಿ ಎಂದರೆ ನನ್ನ ಹೆಂಡತಿ. ಹೆಸರೇನು ಎಂದು ಕೇಳಬೇಡಿ. ಹೆಂಡತಿಯ ಹೆಸರನ್ನು ನಾಲ್ಕು ಮಂದಿಯ ಮುಂದೆ ಹೇಳುವ ರೂಢಿ ನನಗಿಲ್ಲ. ಮದುವೆಯಲ್ಲಿ ಎಲ್ಲರೂ ಗಂಟುಬಿದ್ದರೆಂದು ಒಮ್ಮೆ ಒಡಪು ಕಟ್ಟಿ ಹೇಳಿದ್ದೆ. ಆ ನಾಚಿಕೆ ಇನ್ನೂ ಪೂರ್ತಿ ಇಳಿದಿಲ್ಲ.

ಆಕೆಯ ಗಡಿಯಾರ ಯಾವುದು ಗೊತ್ತೇ? ಜೋಳದ ರೊಟ್ಟಿ! ಹಿಟ್ಟು ನಾದಿ, ಉಂಡೆ ಕಟ್ಟಿ, ಕಲ್ಲಿನ ಮೇಲಿಟ್ಟು ತಪತಪ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಹೊರಳಿಸಿ, ಉಬ್ಬಿಸಿ ಬುಟ್ಟಿಗೆ ಎಸೆಯಲು ಎಷ್ಟು ಹೊತ್ತು ಬೇಕೋ ಅಷ್ಟಕ್ಕೆ ‘ಒಂದು ರೊಟ್ಟಿ’ ಎಂದು ಹೆಸರು. ಬೇಳೆ ಬೇಯಲು ಹತ್ತು ರೊಟ್ಟಿ. ನನ್ನ ಜಳಕಕ್ಕೆ ಮೂರು ರೊಟ್ಟಿ. ನಾಲ್ಕನೆಯದಕ್ಕೆ ಬಚ್ಚಲ ಬಾಗಿಲನ್ನೂ ರೊಟ್ಟಿಯಂತೆಯೇ ಬಡಿಯುತ್ತಾಳೆ. ವಿಜಾಪುರದಿಂದ ನಾನು ತಡವಾಗಿ ಬಂದರೆ, “ಬಸ್ಸು ಇವತ್ತ ಹನ್ನೊಂದು ರೊಟ್ಟಿ ತಡಾ ಬಂತು ನೋಡ್ರಿ” ಎಂದು ಕಂಡಕ್ಟರನಿಗಿಂತ ಕರಾರುವಾಕ್ಕಾಗಿ ಹೇಳುತ್ತಾಳೆ.

ನಮ್ಮ ಮಗಳು ಹುಟ್ಟಿದಾಗ ಜಾತಕ ಬರೆಸಲು ಐನೋರ ಬಳಿ ಹೋಗಿದ್ದೆವು. “ಕೂಸು ಹುಟ್ಟಿದ ಹೊತ್ತು?” ಎಂದು ಅವರು ಕೇಳಿದರು. ನಾನು ತಲೆ ಕೆರೆದುಕೊಂಡೆ. ನಮ್ಮಾಕಿ ತಡಮಾಡದೆ ಹೇಳಿದಳು:

“ಬ್ಯಾನಿ ಬಂದಾಗ ಹದಿನಾಲ್ಕನೇ ರೊಟ್ಟಿ ಹಂಚಿನ ಮ್ಯಾಲಿತ್ರಿ. ಇನ್ನೂ ಹೊಳ್ಳಿಸಿದ್ದಿಲ್ಲ.”

ಐನೋರು ಪಂಚಾಂಗ ತಿರುವಿದರು, ಬೆರಳು ಮಡಚಿದರು, ಬಿಚ್ಚಿದರು. ಕೊನೆಗೆ, “ಇರಲಿ ಬಿಡ್ರಿ, ಈ ಕೂಸಿಗೆ ಉಣ್ಣಾಕ ಮಾತ್ರ ಎಂದೂ ಕಡಿಮಿ ಬೀಳಂಗಿಲ್ಲ” ಎಂದು ಬರೆದುಕೊಟ್ಟರು. ಆ ಮಾತು ಸುಳ್ಳಾಗಲಿಲ್ಲ. ಆದರೆ ಆ ಹದಿನಾಲ್ಕನೇ ರೊಟ್ಟಿ ಹೊತ್ತಿಹೋಯಿತಲ್ಲ, ಅದರ ಕೊರಗು ನಮ್ಮಾಕಿಗೆ ಇಂದಿಗೂ ಇದೆ!

ನಾನು ತಿಕೋಟಾದ ದರ್ಜಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನಾದರೂ ಟೇಪಿನ ಅಂಕಿ ಬಲ್ಲೆ. ಈಚೆಗೆ ಸರಕಾರದವರು ಸೇರು ತೆಗೆದು ಕಿಲೋ ತಂದರು, ಗಜ ತೆಗೆದು ಮೀಟರು ತಂದರು. ನಾನು ಬಗ್ಗಿದೆ, ಬಜಾರವೇ ಬಗ್ಗಿತು. ನಮ್ಮಾಕಿಯ ರೊಟ್ಟಿಯನ್ನು ಮಾತ್ರ ಯಾವ ಸರಕಾರವೂ ಬಗ್ಗಿಸಲಿಲ್ಲ!

ಇಂಥ ಮನೆಗೆ ಹೋದ ವರ್ಷ ರೇಡಿಯೋ ಬಂತು.

ಬಬಲೇಶ್ವರಕ್ಕೆ ಕೊಟ್ಟ ನಮ್ಮ ಮಗಳು ಎರಡನೇ ಬಾಣಂತನಕ್ಕೆ ಹಸುಗೂಸಿನೊಂದಿಗೆ ಬಂದಳು. ಜೊತೆಗೆ ಅವಳ ಹಿರೇ ಮಗಳು ನೀಲವ್ವ, ಎರಡು ವರ್ಷದ ಕೂಸು. ಅಯ್ಯೋ, ಆ ಕೂಸಿನ ಬಗ್ಗೆ ಹೇಳಲು ಹೊರಟರೆ ಈ ದಿನ ಸಾಲುವುದಿಲ್ಲ! ಗಲ್ಲ ನೋಡಿದರೆ ಈಗತಾನೇ ಉಬ್ಬಿದ ರೊಟ್ಟಿ. (ನೋಡಿದಿರಾ, ನನಗೂ ಅಂಟಿದೆ!) ಅದು “ಮುತ್ಯಾ” ಎಂದು ನನ್ನನ್ನು ಮೊದಲ ಸಲ ಕರೆದ ದಿನ ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡಗೈ ತೋಳು ಹೊಲಿದಿದ್ದೆ. ಅವನು ಜಗಳಕ್ಕೆ ಬಂದಾಗ ಕಾರಣ ಹೇಳಿದೆ. ಅವನೂ ಮೊಮ್ಮಕ್ಕಳನ್ನು ಕಂಡವನು, ಸುಮ್ಮನೆ ಹೋದ.

ಕೂಸಿನ ಹಿಂದೆ ಚರ್ಮದ ಅಂಗಿ ತೊಟ್ಟ ಸಣ್ಣದೊಂದು ರೇಡಿಯೋ, ಅದರ ಹಿಂದೆ ಸಾಲಿ ಮಾಸ್ತರನಾದ ಅಳಿಯನ ಪತ್ರ. ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದಿದೆ: ‘ನೀಲಾಳಿಗೆ ದಿನಾಲು ಮುಂಜಾನೆ ಅರ್ಧ ತಾಸು, ಸಂಜೆ ಅರ್ಧ ತಾಸು ರೇಡಿಯೋ ಕೇಳಿಸಬೇಕು. ಒಳ್ಳೆಯ ಮಾತು, ಒಳ್ಳೆಯ ಸಂಗೀತ ಕಿವಿಗೆ ಬೀಳಬೇಕು. ಇಲ್ಲಿ ಹಚ್ಚಿದರೆ ಅವಳು ಒಂದು ಗಳಿಗೆಯೂ ಕೂಡದೆ ಓಡಿಹೋಗುತ್ತಾಳೆ. ಅಲ್ಲಿಯಾದರೂ ರೂಢಿ ಮಾಡಿಸಬೇಕು.’

ನಮ್ಮಾಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

“ಅರ್ಧ ತಾಸು ಅಂದ್ರ ಎಷ್ಟ ರೊಟ್ಟಿರಿ?”

“ಹದಿನೈದರ ಆಗಬಹುದು.”

“ಹದಿನೈದ! ಎರಡು ವರ್ಷದ ಕೂಸಿನ ಹೊಟ್ಟಿಗೆ ಹದಿನೈದು ರೊಟ್ಟಿ ಹಿಡಿಸ್ತಾವೇನ್ರಿ?”

“ಅಲ್ಲ, ಇದು ಹೊಟ್ಟಿಗಲ್ಲ, ಕಿವಿಗೆ...”

“ಹೊಟ್ಟಿಗೇ ಹಿಡಸಲಾರದ್ದು ಇಷ್ಟು ಸಣ್ಣ ಕಿವಿಗೆ ಹ್ಯಾಂಗ ಹಿಡಿಸೀತು? ಐದು ರೊಟ್ಟಿ. ಅದೂ ಮಾಸ್ತರು ಬರದಾರಂತ!”

ಒಳಗಿನ ಕೋಣೆಯಿಂದ ಬಾಣಂತಿ ಕೂಗಿದಳು: “ಯವ್ವಾ, ಹತ್ತರ ಮಾಡಬೇ!”

“ನೀ ಸುಮ್ನ ಮಲಕೋ. ಹದಿನಾಲ್ಕನೇ ರೊಟ್ಟಿ ಹೊತ್ತಿಸಿ ಹುಟ್ಟಿದಾಕಿ ನೀ!”

ತೀರ್ಪು ಆಯಿತು. ನಮ್ಮ ಮನೆಗೆ ಹೊತ್ತಿಗೆ ಐದೇ ರೊಟ್ಟಿ ಬೇಕು: ನನಗೆ ಎರಡು, ಆಕೆಗೆ ಎರಡು, ಮಗಳಿಗೆ ಒಂದು. ಮೊದಲ ರೊಟ್ಟಿ ಬಡಿಯುವಾಗ ರೇಡಿಯೋ ಹಚ್ಚಬೇಕು, ಐದನೆಯದು ಬುಟ್ಟಿಗೆ ಬಿದ್ದೊಡನೆ ಆರಿಸಬೇಕು. ಹಚ್ಚುವುದು, ಆರಿಸುವುದು ನನ್ನ ಪಾಲಿನ ಚಾಕರಿ.

ಒಲೆಯ ಎದುರು ಗೋಡೆಯ ಗೂಡಿನಲ್ಲಿ ರೇಡಿಯೋ ಇಟ್ಟೆ. ಅದರ ಕೆಳಗೆ ನೀಲವ್ವನ ಚಾಪೆ. ಮೊದಲ ದಿನ ನಾನು ಗುಂಡಿ ತಿರುವಿದೆ, ಇತ್ತ ನಮ್ಮಾಕಿ ಬಡಿಯತೊಡಗಿದಳು. ಬಬಲೇಶ್ವರದಲ್ಲಿ ಒಂದು ಗಳಿಗೆ ಕೂಡದ ಕೂಸು ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು! ಒಲೆಗೆ ಬೆನ್ನು, ರೇಡಿಯೋಕ್ಕೆ ಮುಖ. ಮೈಯೆಲ್ಲ ತೂಗತೊಡಗಿತು. ಹಾಡಿಗೆ ತೂಗಿದರೆ ಅದರಲ್ಲೇನು ಬಂತು? ಬಾತ್ಮಿ ಓದಿದರೂ ತೂಗಿತು! ಶೇಂಗಾದ ಧಾರಣಿ ಹೇಳಿದರೂ ತೂಗಿತು! ಪೇಟೆ ಧಾರಣಿಗೆ ತಲೆದೂಗುವ ಎರಡು ವರ್ಷದ ಕೂಸನ್ನು ನೀವು ಇಡೀ ಜಿಲ್ಲೆಯಲ್ಲಿ ಎಲ್ಲಿಯಾದರೂ ಕಂಡಿದ್ದೀರಾ? ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಕೇಳಲಾರದೆ ಇಬ್ಬರು ಅಳತೆ ಕೊಡದೇ ಹೋದರು.

ಆದರೆ ನಮ್ಮಾಕಿಯ ರೊಟ್ಟಿಗೆ ಸರಕಾರದ ಮುದ್ರೆ ಇಲ್ಲವಲ್ಲ! ಆಕೆಗೆ ಸೇರುವ ಭಜನೆ ಬಂದ ದಿನ ರೊಟ್ಟಿ ಮೊರದಷ್ಟು ಅಗಲ, ಬಡಿದದ್ದೇ ಬಡಿದದ್ದು. ಯಾರೋ ಹೆಣ್ಣುಮಗಳು ರೇಡಿಯೋದಲ್ಲಿ ಅಡಿಗೆ ಕಲಿಸಲು ಕೂತ ದಿನ ಐದೂ ರೊಟ್ಟಿ ಅಂಗೈಯಷ್ಟು. ಕಣ್ಣು ಮುಚ್ಚಿ ತೆರೆಯುವುದರಲ್ಲಿ, “ಆತು, ಆರಿಸ್ರಿ!”

“ಇದೇನ ರೊಟ್ಟಿಯೋ ಹಪ್ಪಳೋ?”

“ಆಕಿಗೆ ಕೇಳ್ರಿ. ಬಾಳ ಶಾಣ್ಯಾಕಿ ಅದಾಳ!”

ನಾನೂ ಕಡಿಮೆಯವನೇ? ಮೊಮ್ಮಗಳ ಪರವಾಗಿ ಒಂದು ಯುಕ್ತಿ ಹೂಡಿದೆ. ನಿಡೋಣಿಯಲ್ಲಿ ನನ್ನ ಹಳೇ ಗೆಳೆಯನೊಬ್ಬನಿದ್ದಾನೆ. ಕೂತನೆಂದರೆ ಎಂಟು ರೊಟ್ಟಿ. ಒಂಬತ್ತನೆಯದಕ್ಕೆ ಬರೇ ನಾಚಿಕೆಗಾಗಿ ಬೇಡ ಎನ್ನುತ್ತಾನೆ. ಅವನನ್ನು ಊಟಕ್ಕೆ ಕರೆದೆ. ಐದಕ್ಕೆ ಎಂಟು ಕೂಡಿ ಹದಿಮೂರು ರೊಟ್ಟಿಯ ರೇಡಿಯೋ! ನೀಲವ್ವ ಹದಿಮೂರೂ ರೊಟ್ಟಿಗೆ ತೂಗಿದಳು. ಎರಡು ದಿನ ಬಿಟ್ಟು ಮತ್ತೆ ಕರೆದೆ. ಅದೇ ವಾರದಲ್ಲಿ ಮೂರನೇ ಸಲ ಅವನು ಹೊಸ್ತಿಲು ದಾಟಿದಾಗ ನಮ್ಮಾಕಿ ನೀರು ಕೊಟ್ಟು ಮೆಲ್ಲಗೆ ಕೇಳಿದಳು:

“ಯಾಕ್ರೀ ಅಣ್ಣಾರ, ನಿಮ್ಮ ಮನ್ಯಾಗ ಹಂಚು ಒಡದೈತೇನು?”

ಅವನು ಗಾಬರಿಯಾಗಿ ನನ್ನತ್ತ ಕೈ ಮಾಡಿದ: “ಇಲ್ಲವ್ವಾ, ಇಂವಾ ನೀಲವ್ವಗ ರೇಡಿಯೋ ಕಡಿಮಿ ಬಿತ್ತು, ಬಾ ಅಂದ!” ಅಂದು ರೊಟ್ಟಿಯೇ ಇಲ್ಲ, ನಮಗಿಬ್ಬರಿಗೂ ಬರೇ ನುಚ್ಚು!

ಮುತ್ಯಾನ ಯುಕ್ತಿ ಮುರಿದು ಬಿತ್ತಲ್ಲ, ಮೊಮ್ಮಗಳು ತಾನೇ ಕೈ ಹಾಕಿದಳು. ಬುಟ್ಟಿಯ ರೊಟ್ಟಿ ಮಾಯವಾಗತೊಡಗಿದವು. ಐದು ಮಾಡಿಟ್ಟು ಹಿತ್ತಲಿಗೆ ಹೋಗಿ ಬರುವುದರಲ್ಲಿ ಎರಡೇ! ನಮ್ಮಾಕಿ ಮೊದಲು ಬೆಕ್ಕನ್ನು ಬೈದಳು, ಆಮೇಲೆ ನನ್ನನ್ನು. ಕೊನೆಗೆ ಒಂದು ರೊಟ್ಟಿ ಕರುವಿನ ಬಾಯಲ್ಲಿ, ಒಂದು ಗಿರಾಕಿಯ ಪೈಜಾಮದ ಬಟ್ಟೆಯ ಮಡಿಕೆಯಲ್ಲಿ, ಇನ್ನೊಂದು ನಾಲ್ಕು ಮಡಿಕೆಯಾಗಿ ರೇಡಿಯೋದ ಚರ್ಮದ ಅಂಗಿಯೊಳಗೇ ಸಿಕ್ಕವು! ಕಳ್ಳಿ ಓಡಿಹೋಗಲಿಲ್ಲ. ಹಿಟ್ಟಿನ ಡಬ್ಬಿಯನ್ನು ಎರಡೂ ಕೈಯಿಂದ ಎಳೆದು ತಂದು ಅಜ್ಜಿಯ ಮುಂದಿಟ್ಟು, “ಆಯಿ, ಬಡಿ” ಎಂದಳು.

ರೊಟ್ಟಿ ತೀರಿದರೆ ಮತ್ತೆ ಬಡಿಯಬೇಕು, ಬಡಿದರೆ ಮತ್ತೆ ರೇಡಿಯೋ! ಎಂಥ ಲೆಕ್ಕ! ನಾನು ಹೊಟ್ಟೆ ಹಿಡಿದು ನಕ್ಕೆ. ಬಾಣಂತಿ ಒಳಗೇ ನಕ್ಕಳು. ನಮ್ಮಾಕಿ ನಗಲಿಲ್ಲ.

ಅಂದು ಮಧ್ಯಾಹ್ನ ಆಕೆ ನೀಲವ್ವನಿಗೆ ಹೊದೆಯಲೆಂದು ಕೌದಿ ಹೊಲಿಯುತ್ತ ಕೂತಿದ್ದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ತಲೆ ಎತ್ತದೆ ಹೇಳಿದಳು:

“ಇನ್ನ ಎಂಟ ದಿನಕ್ಕ ಬಬಲೇಶ್ವರದವರು ಕರಿಯಾಕ ಬರ್ತಾರ.”

“ಹೌದು.”

“ಮೂರ ತಿಂಗಳಿಂದ ನೋಡಾಕತ್ತೇನ್ರಿ. ನಾ ಒಲಿ ಮುಂದ ಕುಂತ್ನಿ ಅಂದ್ರ ಕೂಸು ನನಗ ಬೆನ್ನ ಹಚ್ಚಿ ಆ ಡಬ್ಬಿ ಕಡೆ ಮಾರಿ ಮಾಡತೈತಿ. ಆ ಡಬ್ಬಿ ಸಲುವಾಗಿ ನನ್ನ ರೊಟ್ಟಿನೂ ಕಳವು ಮಾಡತೈತಿ. ಊರಿಗೆ ಹೋದ ಮ್ಯಾಲ ಇದಕ್ಕ ಏನ ನೆನಪಿರತೈತಿ ಹೇಳ್ರಿ? ಡಬ್ಬಿ ನೆನಪಿರತೈತಿ. ಆಯಿ ಬೆನ್ನ ಹಿಂದ ಎಲ್ಲೋ ಕುಂತಿದ್ಲು, ಅಷ್ಟ.”

ನನಗೆ ಸೂಜಿಯ ಕಣ್ಣು ಕಾಣದಾಯಿತು. ಐದು ರೊಟ್ಟಿಯ ಕಟ್ಟುಪಾಡು ಕೂಸಿನ ಕಿವಿಯ ಕಾಳಜಿಗಲ್ಲ ಎಂದು ಆಗ ತಿಳಿಯಿತು. ಸೂಜಿಯನ್ನು ಆಕೆಯ ಕೈಗಿಟ್ಟು, “ರೇಡಿಯೋದ ಸೆಲ್ಲು ತೀರಾಕ ಬಂದಾವ. ನಾಳೆ ಗುಂಡಿ, ದಾರ ತರಾಕ ವಿಜಾಪುರಕ್ಕ ಹೋಗ್ತೀನಿ. ಸೆಲ್ಲೂ ತರ್ತೀನಿ” ಎಂದೆ.

ಆಕೆ ದಾರ ಕಡಿದಳು. “ಮರತ ಬರ್ರಿ” ಎಂದಳು.

ಏನೇನೋ ತರಲು ಮರೆತು ಬೈಸಿಕೊಂಡವನು ನಾನು. ಮರೆತು ಬರ್ರಿ ಎಂದು ಆಕೆಯೇ ಹೇಳಿಕಳಿಸಿದ ಸಾಮಾನು ಮಾತ್ರ ಅದೊಂದೇ! ನಿಷ್ಠೆಯಿಂದ ಮರೆತು ಬಂದೆ.

ಮರುದಿನ ಮುಂಜಾನೆ ರೇಡಿಯೋ ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ನಮ್ಮಾಕಿ ಒಲೆಯ ಮುಂದೆ ಕೂತಿದ್ದಳು. ನೀಲವ್ವ ಎದ್ದು ಬಂದಳು. ಇನ್ನು ಅಳುತ್ತದೆ, ಇಡೀ ಓಣಿ ಸೇರುತ್ತದೆ, ಸೆಲ್ಲು ಮರೆತ ಪಾಪ ನನ್ನ ತಲೆಗೆ ಬರುತ್ತದೆ ಎಂದು ನಾನು ಚಪ್ಪಲಿ ಮೆಟ್ಟಲು ಸಿದ್ಧನಾದೆ.

ಕೂಸು ಎಂದಿನಂತೆ ಚಾಪೆಯ ಮೇಲೆ ಕೂತಿತು. ಒಲೆಗೆ ಬೆನ್ನು, ಸತ್ತ ರೇಡಿಯೋಕ್ಕೆ ಮುಖ.

ನಮ್ಮಾಕಿ ಉಂಡೆಯನ್ನು ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು. ತಪ, ತಪ, ತಪ.

ಕೂಸು ತೂಗತೊಡಗಿತು.

ನಾನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಅಲ್ಲೇ ನಿಂತೆ. ಹಾಡಿಲ್ಲ, ಬಾತ್ಮಿಯಿಲ್ಲ, ಶೇಂಗಾದ ಧಾರಣಿಯಿಲ್ಲ. ರೊಟ್ಟಿ ಹಂಚಿಗೆ ಹೋಯಿತು, ಬಡಿತ ನಿಂತಿತು, ತೂಗುವುದೂ ನಿಂತಿತು. ಎರಡನೇ ಉಂಡೆ ಕಲ್ಲಿಗೆ ಬಂತು. ತಪ, ತಪ. ಮತ್ತೆ ತೂಗಾಟ!

ಬಬಲೇಶ್ವರದಲ್ಲಿ ನಮ್ಮ ಬೀಗಿತಿ ರೊಟ್ಟಿ ಬಡಿಯುವುದಿಲ್ಲ, ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಅಲ್ಲಿ ರೇಡಿಯೋ ಇತ್ತು, ಈ ಸಪ್ಪಳ ಇರಲಿಲ್ಲ. ಅಲ್ಲಿ ಕೂಡಲಾರದ ಕೂಸು ಇಲ್ಲಿ ಮೂರು ತಿಂಗಳು ಯಾಕೆ ಕೂತಿತ್ತು? ಧಾರಣಿಗೆ ತಲೆದೂಗುತ್ತದೆ ಎಂದು ಊರೆಲ್ಲ ಸಾರಿದವನು ನಾನು! ಡಬ್ಬಿಯ ಮೇಲೆ ಹೊಟ್ಟೆಕಿಚ್ಚುಪಟ್ಟು, ಹೊತ್ತಿಗೆ ಐದೇ ಐದು ಎಂದು ಕಟ್ಟುಪಾಡು ಮಾಡಿ, ನಮ್ಮಾಕಿ ಅಳೆದು ಅಳೆದು ಕೊಟ್ಟಿದ್ದು ಯಾರನ್ನು? ತನ್ನನ್ನೇ!

ನಮ್ಮಾಕಿಗೂ ಅದೇ ಹೊತ್ತಿಗೆ ತಿಳಿಯಿತು. ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಕೂಸು ತುಸು ಹೊತ್ತು ಕಾದು, ಆಮೇಲೆ ಹೊರಳಿ ಅಜ್ಜಿಯ ಮುಖ ನೋಡಿತು.

“ಆಯಿ, ಬಡಿ.”

ಆಕೆ ಬಡಿದಳು. ಐದಾಯಿತು, ಹತ್ತಾಯಿತು. ಕಣ್ಣು ಒರೆಸಿಕೊಳ್ಳಲು ಹೋಗಿ ಗಲ್ಲಕ್ಕೆಲ್ಲ ಹಿಟ್ಟು. ನಾದಿದ ಹಿಟ್ಟು ತೀರಿತು, ಮತ್ತೆ ನಾದಿದಳು. ನಾನು ಅಂಗಡಿ ತೆರೆಯಲಿಲ್ಲ. ಬುಟ್ಟಿ ತುಂಬಿತು, ಮೊರ ತುಂಬಿತು, ನಿಡೋಣಿಯ ಗೆಳೆಯ ಬಂದಿದ್ದರೂ ಸೋಲುತ್ತಿದ್ದ! ಕೊನೆಗೆ ಕೂಸು ಚಾಪೆಯನ್ನು ಎಳೆದುಕೊಂಡು ಬಂದು, ಅಜ್ಜಿಯ ತೊಡೆಗೆ ತಲೆ ಕೊಟ್ಟು, ಆ ಸಪ್ಪಳದಲ್ಲೇ ನಿದ್ದೆಹೋಯಿತು.

ನಾನು ಓಣಿಗೆ ರೊಟ್ಟಿ ಹಂಚಲು ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಕೇಳಿದೆ:

“ಎಷ್ಟಾದುವು?”

ಬಸ್ಸು ಎಷ್ಟು ರೊಟ್ಟಿ ತಡ ಎಂದು ಹೇಳುವವಳು, ಮಗಳ ಜಾತಕವನ್ನೇ ರೊಟ್ಟಿಯಲ್ಲಿ ಬರೆಸಿದವಳು ಕೂಸಿನ ಕೂದಲಿಗೆ ಹತ್ತಿದ ಹಿಟ್ಟು ಕೊಡವುತ್ತ ಅಂದಳು:

“ಎಣಿಸಿಲ್ರಿ.”